ಹುಳಕ್ಕೆ ತಂದ ಕ್ಯಾಪ್ಸೂಲು

ಅಕ್ಕನ ಗಂಡ, ನನ್ನ ಭಾವನ ಫೋನು ಬಂದಾಗ ನಾನು ಮಿಷಿನ್ ಮುಂದೆ ಕೂತಿದ್ದೆ. ಜೀನ್ಸ್ ಪ್ಯಾಂಟಿನ ಸೊಂಟದ ಪಟ್ಟಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಹೊಲಿಗೆ ಸೊಟ್ಟಗಾಗುತ್ತದೆ, ಹಾಗಾಗಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹಲೋ ಅಂದೆ. ಹೇಗಿದ್ದೀಯಮ್ಮ ಎಂದು ಕೇಳಲಿಲ್ಲ. ಬಸುರಿ ಮಗಳು ಹೇಗಿದ್ದಾಳೆ ಎಂದೂ ಕೇಳಲಿಲ್ಲ. "ನಿಮ್ಮನೇಲಿ ಇವ್ಳು ಏನು ತಿಂದ್ಲಮ್ಮ?" ಎಂದು ಶುರು ಮಾಡಿದರು. ನನ್ನ ಕಾಲು ತಾನಾಗಿ ನಿಂತಿತು, ಮಿಷಿನ್ನೂ ನಿಂತಿತು.

ಏನು ತಿಂದಳು ಎಂದರೆ ಏನು ಹೇಳಲಿ? ನನ್ನ ಮಗಳ ಸೀಮಂತವಾಗಿತ್ತು, ಇಲ್ಲಿ ರಾಯದುರ್ಗದಲ್ಲಿ ಅದನ್ನು ಕುಬುಸ ಅನ್ನುತ್ತಾರೆ. ಹೋಳಿಗೆ ಇತ್ತು, ಬದನೆಕಾಯಿ ಎಣ್ಣೆಗಾಯಿ ಇತ್ತು, ಚಿತ್ರಾನ್ನ, ಕೋಸಂಬರಿ, ಅನ್ನ, ಸಾರು ಇತ್ತು. ಬೀದಿಯವರೆಲ್ಲ ಉಂಡರು. ನಮ್ಮಲ್ಲಿ ಹೊಲಿಯಲು ಬರುವ ಹೆಂಗಸರು ಉಂಡು, ಮಿಕ್ಕಿದ್ದನ್ನು ಡಬ್ಬಿಗೆ ತುಂಬಿಕೊಂಡು ಮನೆಗೂ ಒಯ್ದರು. ಒಬ್ಬರ ಹೊಟ್ಟೆಯೂ ಗುಡುಗುಡು ಅನ್ನಲಿಲ್ಲ. ಆದರೆ ಮಡಕಶಿರದ ಕಡೆಯ ನನ್ನ ಅಕ್ಕ ಊರಿಗೆ ಹೋದ ಮೇಲೆ ಅವಳಿಗೆ ಭೇದಿ ಹಿಡಿದಿತ್ತು, ನಿಂತಿರಲಿಲ್ಲ, ಮತ್ತು ಅವಳ ಮನೆಯವರು ಆಗಲೇ ತೀರ್ಪು ಕೊಟ್ಟಿದ್ದರು. ರಾಯದುರ್ಗದವರದು ಖಾರ ಜಾಸ್ತಿ, ಎಣ್ಣೆ ಜಾಸ್ತಿ, ನೀರು ಬೇರೆ.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹುಟ್ಟಿ ಬೆಳೆದದ್ದೂ ಮಡಕಶಿರದ ಕಡೆಯೇ. ನಾವಿಬ್ಬರೇ ಅಕ್ಕತಂಗಿಯರು. ಅವಳನ್ನು ಪಕ್ಕದ ಊರಿಗೆ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವ ಮನೆಗೆ ಕೊಟ್ಟರು, ನನ್ನನ್ನು ರಾಯದುರ್ಗದ ಹೊಲಿಗೆಯವರ ಮನೆಗೆ ಕೊಟ್ಟರು. ಆಗ ಎರಡೂ ಒಂದೇ ಜಿಲ್ಲೆ, ಈಗ ಜಿಲ್ಲೆಯೂ ಬೇರೆಯಾಯಿತು. ಇಲ್ಲಿಯವರಿಗೆ ನಾನು ಇವತ್ತಿಗೂ ಮಡಕಶಿರದಾಕಿ, ಅಲ್ಲಿಯವರಿಗೆ ರಾಯದುರ್ಗದೋಳು. ನನ್ನ ಗಂಡ ಶಾಂತ ಸ್ವಭಾವದ ಮನುಷ್ಯ. ನನ್ನ ಮುಖ ನೋಡಿದವರೇ, "ಅವ್ರ ಮಾತಿಗೆ ಯಾಕ ಸಿಟ್ಟು ಮಾಡ್ಕೊಂತಿ, ಮೊದ್ಲು ಹೋಗಿ ನಿಮ್ಮಕ್ಕನ್ನ ನೋಡ್ಕೊಂಡು ಬಾ" ಅಂದರು. ಸಿಟ್ಟಿನಲ್ಲೂ ಅದು ಸರಿಯಾದ ಮಾತು ಅನಿಸಿತು. ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಹೋಗುವಾಗ ದಾರಿಯುದ್ದಕ್ಕೂ ಅಕ್ಕ ಸೀಮಂತಕ್ಕೆ ಬಂದ ದಿನವನ್ನೇ ಮತ್ತೆ ಮತ್ತೆ ನೆನೆದೆ. ಅವಳು ಕುಂಟುತ್ತಾ ಬಂದಿದ್ದಳು. ಸವರಿದ ಹಿಪ್ಪುನೇರಳೆ ಗಿಡದ ಕೂಳೆ ಅಂಗಾಲಿಗೆ ಹೊಕ್ಕಿತ್ತು, ಬಟ್ಟೆ ಸುತ್ತಿದ್ದಳು. ಡಾಕ್ಟರಿಗೆ ತೋರಿಸಿದೆಯಾ ಎಂದರೆ ತೋರಿಸಿದೆ, ಸೂಜಿ ಹಾಕಿ ಕ್ಯಾಪ್ಸೂಲು ಕೊಟ್ಟಿದ್ದಾರೆ, ಒಣಗುತ್ತಾ ಬಂದಿದೆ ಅಂದಳು. ಡಾಕ್ಟರು ಎಂದರೆ ಬೈಕಿನ ಮೇಲೆ ಬ್ಯಾಗು ಇಟ್ಟುಕೊಂಡು ಊರೂರು ತಿರುಗುವ ಮನುಷ್ಯ. ಇಂಥವರನ್ನು ನಮ್ಮ ಕಡೆ ಆರ್‌ಎಂಪಿ ಡಾಕ್ಟರು ಅನ್ನುತ್ತಾರೆ. ಜ್ವರಕ್ಕೂ ಸೂಜಿ, ಸೊಂಟ ನೋವಿಗೂ ಸೂಜಿ, ಸುಸ್ತಿಗೂ ಸೂಜಿ. ಸೂಜಿ ಹಾಕದಿದ್ದರೆ ಜನ ಅವನನ್ನು ಡಾಕ್ಟರು ಎಂದು ಒಪ್ಪುವುದಿಲ್ಲ, ಅದನ್ನೂ ಹೇಳಬೇಕು.

ನಾನು ಹೋದಾಗ ಆ ಮನೆಯಲ್ಲಿ ಹುಳದ ಕಾಲ. ಹುಳ ಸಾಕದವರಿಗೆ ಇದು ಅರ್ಥವಾಗುವುದು ಕಷ್ಟ. ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಅದಕ್ಕೆ ಬಕಾಸುರನ ಹಸಿವು. ಆಗ ಮನೆಯ ಮನುಷ್ಯರು ತಿಂದರೋ ಬಿಟ್ಟರೋ ಕೇಳುವವರಿಲ್ಲ. ಹೊಲದಿಂದ ಸೊಪ್ಪು ಬರುತ್ತಲೇ ಇರಬೇಕು, ಹುಳ ಕಡಿಯುತ್ತಲೇ ಇರಬೇಕು. ಹುಳದ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಕೈಕಾಲು ತೊಳೆಯದೆ ಹೋಗುವಂತಿಲ್ಲ, ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪೌಡರು ಚೆಲ್ಲಿರುತ್ತಾರೆ, ಅದನ್ನು ತುಳಿದೇ ಒಳಗೆ ಹೋಗಬೇಕು. ಹೊರಗಿನವರಿಗಂತೂ ಪ್ರವೇಶವೇ ಇಲ್ಲ. ನಾನು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅಕ್ಕನ ಅತ್ತೆ ಮೊದಲು ಹೇಳಿದ್ದು ಆ ಕಡೆ ಹೋಗಬೇಡ ಕಣಮ್ಮ, ಬಸ್ಸಿನಲ್ಲಿ ಬಂದಿದ್ದೀಯ ಎಂದು. ಸೊಸೆ ಎಲ್ಲಿದ್ದಾಳೆ ಎಂದು ಆಮೇಲೆ ಹೇಳಿದರು.

ಸೊಸೆ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ, ಪಾಯಿಖಾನೆಗೆ ಹತ್ತಿರವಾಗಲಿ ಎಂದು ಹಾಕಿದ ಹಗ್ಗದ ಮಂಚದ ಮೇಲಿದ್ದಳು. ಸೀಮಂತದಲ್ಲಿ ಮಗಳಿಗೆ ಬಳೆ ತೊಡಿಸಿದ ಕೈ ಅದೇನಾ ಎನ್ನುವ ಹಾಗೆ ಮೊಣಕೈ ಮೂಳೆ ಎದ್ದು ಕಾಣುತ್ತಿತ್ತು. ತುಟಿ ಒಡೆದಿತ್ತು. ಮೈ ಸುಡುತ್ತಿತ್ತು. ಹೊಟ್ಟೆ ಮುಟ್ಟಿದರೆ ಮುಖ ಕಿವುಚಿದಳು. ಎಷ್ಟು ಸಲ ಹೋಗುತ್ತೀಯ, ನೀರಾಗಿ ಹೋಗುತ್ತದಾ, ರಕ್ತ ಏನಾದರೂ ಕಾಣುತ್ತದಾ ಎಂದು ಕೇಳಿದೆ. ಅವಳು ಅತ್ತ ಇತ್ತ ನೋಡಿ, ಸ್ವಲ್ಪ ಸರಿ ಇಲ್ಲ ಅಷ್ಟೇ, ಮೆಲ್ಲಗೆ ಮಾತಾಡು ಅಂದಳು. ಅವಳ ಮಾವ ಅಂಗಳದಲ್ಲಿದ್ದರು, ಮೈದುನ ಸೊಪ್ಪಿನ ಹೊರೆ ಇಳಿಸುತ್ತಿದ್ದ. ಗಂಡಸರು ಓಡಾಡುವ ಜಾಗದಲ್ಲಿ ಹೆಂಗಸು ತನ್ನ ಭೇದಿಯ ಮಾತು ಆಡಬಾರದಂತೆ. ಅಲ್ಲಿಂದ ಎದ್ದು ಪಾಯಿಖಾನೆಗೆ ಹೋಗಿ ಬರುವಷ್ಟರಲ್ಲಿ ಅವಳು ಗೋಡೆ ಹಿಡಿದು ಎರಡು ಕಡೆ ನಿಂತಳು. ಬರುವಾಗ ನಾನು ಕೈ ಹಿಡಿದೆ. ಒಳಗಿಂದ ಬಂದ ವಾಸನೆ ಮಾಮೂಲಿ ಭೇದಿಯ ವಾಸನೆಯಾಗಿರಲಿಲ್ಲ, ಏನೋ ಕೊಳೆತ ವಾಸನೆ. ಇದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಪಟ್ಟು ಪಟ್ಟು ಅವಳು ಸಾಯುವ ಹಾಗಾಗಿದ್ದಳು.

ಏನು ಮದ್ದು ಮಾಡಿದ್ದೀರಿ ಎಂದರೆ ಮಾಡದೇ ಇದ್ದದ್ದೇ ಇರಲಿಲ್ಲ. ಅತ್ತೆ ದಾಳಿಂಬೆ ಸಿಪ್ಪೆಯ ಕಷಾಯ ಕೊಟ್ಟಿದ್ದರು, ಉಷ್ಣ ಎಂದು ಅಂಗಾಲಿಗೆ ಹರಳೆಣ್ಣೆ ತಿಕ್ಕಿದ್ದರು, ಮುದ್ದೆ ನಿಲ್ಲಿಸಿ ಬರೀ ಮಜ್ಜಿಗೆ ಅನ್ನ ಹಾಕಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಬೈಕಿನ ಡಾಕ್ಟರು ಬಂದು ಒಂದು ಬಾಟಲಿ ಗ್ಲೂಕೋಸ್ ಏರಿಸಿ, ಭೇದಿ ಕಟ್ಟುವ ಮಾತ್ರೆ ಕೊಟ್ಟು ಹೋಗಿದ್ದ. ಆ ಮಾತ್ರೆ ನುಂಗಿದ ದಿನ ನಿಂತ ಹಾಗಾಗುತ್ತಿತ್ತು, ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತಿತ್ತು, ಮಾರನೇ ದಿನ ಎರಡರಷ್ಟು. ಯಾರು ಬಂದರೂ ಕೇಳುವುದು ಒಂದೇ, ರಾಯದುರ್ಗದಲ್ಲಿ ಏನು ತಿಂದೆ. ಪಕ್ಕದ ಮನೆಯ ಮುದುಕಿ ನನ್ನೆದುರಿಗೇ ಕೇಳಿದಳು. ನಾನು ಮಾಡಿ ಬಡಿಸಿದವಳೇ ಇಲ್ಲಿ ಕೂತಿದ್ದೇನೆ, ನನ್ನನ್ನೇ ಕೇಳಿ ಅಂದೆ. ಅವಳು ಮಾತು ತಿರುಗಿಸಿ, ಹುಳ ಹೇಗವೆ ಎಂದು ಅತ್ತೆಯನ್ನು ವಿಚಾರಿಸಿದಳು.

ಅವತ್ತು ಸಂಜೆ ಹುಳದ ಮನೆಯಿಂದ ಭಾವ ಅಂಗೈ ಮುಂದೆ ಚಾಚಿಕೊಂಡು ಹೊರಗೆ ಬಂದರು. ಅಂಗೈಯಲ್ಲಿ ಹುಳದ ಹಿಕ್ಕೆ. ಗಟ್ಟಿಯಾಗಿ, ಕರ್ರಗೆ, ಮೆಣಸಿನ ಕಾಳಿನ ಹಾಗೆ ಇರಬೇಕಾದದ್ದು ಮೆತ್ತಗಾಗಿತ್ತು. ಹಿಕ್ಕೆ ಮೆತ್ತಗಾದರೆ ಹುಳಕ್ಕೆ ಸಪ್ಪೆ ರೋಗ ಬರುವ ಸೂಚನೆ, ಬಂತೆಂದರೆ ತಟ್ಟೆಗೆ ತಟ್ಟೆಯೇ ಕೊಳೆತು ಹೋಗುತ್ತದೆ. ಮಾವ ಬೆಳಕಿಗೆ ಹಿಡಿದು ನೋಡಿದರು. ಮೈದುನ ಬೆರಳಲ್ಲಿ ಒತ್ತಿ ನೋಡಿದ. ಅತ್ತೆ ಮೂಸಿ ನೋಡಿದರು. ಇಡೀ ಸಂಸಾರ ಆ ಅಂಗೈಯ ಸುತ್ತ ನಿಂತು ಯಾವಾಗಿನಿಂದ, ಯಾವ ತಟ್ಟೆಯಲ್ಲಿ, ಸೊಪ್ಪು ಒದ್ದೆಯಿತ್ತೇನೋ ಎಂದು ವಿಚಾರಣೆ ಮಾಡಿತು. ನಾನು ಚಪ್ಪರದ ಕೆಳಗೆ ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದೆ. ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ.

ಆಮೇಲೆ ಭಾವ ಹುಳದ ಮನೆಯ ಗೋಡೆಯ ಗೂಡಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬ ಕೆಂಪು ಹಳದಿ ಕ್ಯಾಪ್ಸೂಲಿನ ಪಟ್ಟಿಗಳು. ಸಪ್ಪೆ ರೋಗಕ್ಕೆ ಅವರ ಮದ್ದು ಅದು, ಮನುಷ್ಯರಿಗೆ ಕೊಡುವ ಆ್ಯಂಟಿಬಯೋಟಿಕ್ಕೇ. ಯಾರೋ ಯಾರಿಗೋ ಹೇಳಿ, ಅಂಗಡಿಯವನು ಕೇಳಿದ್ದಕ್ಕೆಲ್ಲ ಕೊಟ್ಟು, ಈಗ ಆ ಸುತ್ತಿನಲ್ಲಿ ಬಹಳ ಮನೆಯವರು ಹಾಗೆ ಇಟ್ಟುಕೊಂಡಿರುತ್ತಾರೆ. ಕ್ಯಾಪ್ಸೂಲನ್ನು ಬಿಚ್ಚಿ, ಪುಡಿಯನ್ನು ನೀರಿಗೆ ಕಲಸಿ, ಸೊಪ್ಪಿನ ಮೇಲೆ ಚಿಮುಕಿಸಿ ಹುಳಕ್ಕೆ ಹಾಕುವುದು. ಅಂಗಳದಲ್ಲಿ ಕೂತು ಎಲ್ಲರೂ ಪಟಪಟನೆ ಕ್ಯಾಪ್ಸೂಲು ಬಿಚ್ಚಲು ಶುರು ಮಾಡಿದರು. ನನ್ನ ತೊಡೆಯ ಮೇಲಿದ್ದ ಅಕ್ಕ ಕೈ ಚಾಚಿ, ಎರಡು ಈ ಕಡೆ ಕೊಡಿ ಅಂದಳು. ಮೈದುನ ಎದ್ದು ಬಂದು ಎರಡು ಕೊಟ್ಟು ಹೋದ. ಅವಳು ಅವನ್ನು ಬಾಯಿಗೆ ಹಾಕಿಕೊಳ್ಳಲು ನೋಡಿದಳು.

ನಾನು ಕೈ ಹಿಡಿದುಕೊಂಡೆ. ಇದ್ಯಾಕೆ ತಿನ್ನುತ್ತೀಯ ಎಂದರೆ, ದಿನಾ ಇದನ್ನೇ ತಾನೆ ತಿನ್ನುತ್ತಿರುವುದು ಅಂದಳು. ಕಾಲಿನ ಗಾಯಕ್ಕೆ ಬೈಕಿನ ಡಾಕ್ಟರು ಕೊಟ್ಟದ್ದು ಮುಗಿದ ಮೇಲೂ ಗಾಯ ಸ್ವಲ್ಪ ಹಸಿ ಇತ್ತಂತೆ, ಹುಳದ ಡಬ್ಬಿಯಲ್ಲಿ ಹೇಗೂ ಇದೆಯಲ್ಲ ಎಂದು ಅದನ್ನು ಮುಂದುವರಿಸಿದ್ದಳು. ಸೀಮಂತಕ್ಕೆ ಬಂದಾಗಲೂ ಸೆರಗಿನ ಗಂಟಿನಲ್ಲಿ ಅದೇ ಇತ್ತು. ಊರಿಗೆ ಹೋದ ಮೇಲೆ ಗಾಯ ಒಣಗಿತು, ಭೇದಿ ಹಿಡಿಯಿತು. ಭೇದಿ ಹಿಡಿದ ಮೇಲೆ ನಿಲ್ಲಿಸಿದೆಯಾ ಎಂದೆ.

"ಯಾಕೆ ನಿಲ್ಸಾನ? ಹುಳಕ್ಕೆ ಹಿಕ್ಕೆ ತೆಳ್ಳಗಾದ್ರೆ ಇದ್ನೇ ತಾನೆ ಹಾಕಾದು? ಅಂಥ ನಾಜೂಕಿನ ಹುಳಕ್ಕೇ ಆಯ್ತದೆ, ನಂಗಾಗಲ್ವಾ? ಅದುಕ್ಕೇ ಇನ್ನೊಂದೊಂದು ಜಾಸ್ತಿ ಮಾಡ್ಕಂಡೆ."

ಹುಳ ಸಾಕುವ ಮನೆಯವರನ್ನು ಬಿಟ್ಟರೆ ಇಂಥ ಲೆಕ್ಕ ಬೇರೆ ಯಾರಿಗೂ ಹೊಳೆಯುವುದಿಲ್ಲ. ನಾನು ಡಾಕ್ಟರಲ್ಲ, ಆಗ ನನಗೂ ಪೂರ್ತಿ ಗೊತ್ತಾಗಲಿಲ್ಲ. ಆದರೆ ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ಕಾಯಿಲೆಗೆ ದಿನದಿಂದ ದಿನಕ್ಕೆ ಹೆಚ್ಚು ನುಂಗುತ್ತಿರುವ ಮಾತ್ರೆ ಒಳ್ಳೆಯದು ಮಾಡುತ್ತಿಲ್ಲ ಎನ್ನುವುದಕ್ಕೆ ಓದು ಬೇಕಾಗಿಲ್ಲ. ಎರಡೂ ಕ್ಯಾಪ್ಸೂಲನ್ನು ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿದೆ, ಎದ್ದು ಹೋಗಿ ಡಬ್ಬಿಯಿಂದ ಒಂದು ಪಟ್ಟಿಯನ್ನೂ ತೆಗೆದುಕೊಂಡು ಬಂದೆ. ಹುಳಕ್ಕೆ ಕಮ್ಮಿ ಬೀಳುತ್ತದೆ ಎಂದು ಮಾವ ಅಂದರು. ಬೀಳಲಿ ಅಂದೆ.

ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದಾಗ ಭಾವ ತಲೆ ಕೆರೆದುಕೊಂಡರು. ಹುಳ ಹಣ್ಣಾಗಿ ಬಿದಿರಿನ ಚಂದ್ರಿಕೆ ತಟ್ಟೆಗೆ ಹತ್ತಿಬಿಡಲಿ, ಅಲ್ಲಿ ಗೂಡು ಕಟ್ಟಲು ಶುರು ಮಾಡಲಿ, ಆಮೇಲೆ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತೇನೆ, ಈಗ ಒಂದು ಕೈ ಕಮ್ಮಿಯಾದರೂ ಕಷ್ಟ ಎಂದರು. ಆ ಮನುಷ್ಯ ಕುಡುಕನಲ್ಲ, ಹೊಡೆಯುವವನಲ್ಲ, ಅಕ್ಕನ ಮೇಲೆ ಪ್ರೀತಿ ಇಲ್ಲದವನೂ ಅಲ್ಲ. ಅದೇ ನನಗೆ ಇನ್ನೂ ಸಿಟ್ಟು ಬರಿಸಿತು. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

"ಭಾವ, ಹುಳದ ಹಿಕ್ಕೆ ಮೆತ್ತಗಾಗಿದೆ ಅಂತ ಅಂಗೈಲಿ ಇಟ್ಕೊಂಡು ಊರಿಗೆಲ್ಲ ತೋರಿಸಿದ್ರಿ. ಇವಳದು ಹೆಂಗಾಗ್ತಿದೆ ಅಂತ ಒಂದು ದಿನ ಬಾಯಿ ಮಾತಿಗೆ ಕೇಳಿದ್ರಾ?"

ಮೈದುನ ತಲೆ ತಗ್ಗಿಸಿ ಕ್ಯಾಪ್ಸೂಲು ಬಿಚ್ಚುತ್ತಲೇ ಇದ್ದ. ಅಕ್ಕ ಮಾತ್ರ ಹಿಂದಿನಿಂದ ನನ್ನ ಸೀರೆ ಜಗ್ಗಿ, ಮರ್ಯಾದೆ ತೆಗೀಬೇಡ ಎಂದು ಪಿಸುಗುಟ್ಟಿದಳು. ಅವಳಿಗೆ ಜೀವಕ್ಕಿಂತ ಆ ಚಿಂತೆ. ನಾನು ರಸ್ತೆಗೆ ಹೋಗಿ, ಮಡಕಶಿರಕ್ಕೆ ಹೊರಟಿದ್ದ ಒಂದು ಆಟೋ ನಿಲ್ಲಿಸಿ, ಹಿಂದೂಪುರಕ್ಕೆ ಬರುತ್ತೀಯಾ ಎಂದು ಒಪ್ಪಿಸಿ, ಹಳೇ ಸೀರೆಗಳನ್ನು ಸೀಟಿನ ಮೇಲೆ ಹಾಸಿ ಅವಳನ್ನು ಕೂರಿಸಿದೆ.

ಹಿಂದೂಪುರದ ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬ ಹೆಂಗಸು ಡಾಕ್ಟರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ಮೊದಲು ಕೇಳಿದ್ದು ಈಚೆಗೆ ಏನಾದರೂ ಮಾತ್ರೆ ತೆಗೆದುಕೊಂಡಿದ್ದೀರಾ ಎಂದು. ಏನು ತಿಂದಿರಿ ಎಂದು ಕೇಳದ ಮೊದಲ ವ್ಯಕ್ತಿಯನ್ನು ಕಂಡು ನನಗೆ ಕಾಲು ಮುಟ್ಟಬೇಕು ಅನಿಸಿತು. ಅಕ್ಕ ಇಲ್ಲಮ್ಮ, ಏನೂ ಇಲ್ಲ ಅಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಮಾತ್ರೆ ಎಂದರೆ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದು. ಇದು ಹುಳದ್ದು, ಮನೆಯಲ್ಲಿ ಬ್ಲೀಚಿಂಗ್ ಪೌಡರು ಇರುವ ಹಾಗೆ ಇರುವಂಥದ್ದು. ಮತ್ತೊಮ್ಮೆ ಕೇಳಿದರೂ ಅದೇ ಉತ್ತರ. ನಾನು ಗಂಟು ಬಿಚ್ಚಿ ಕ್ಯಾಪ್ಸೂಲನ್ನೂ ಪಟ್ಟಿಯನ್ನೂ ಮೇಜಿನ ಮೇಲೆ ಇಟ್ಟೆ. ಇದನ್ನು ಯಾವಾಗಿನಿಂದ ನುಂಗುತ್ತಿದ್ದಾಳೆ, ಯಾಕೆ ನುಂಗುತ್ತಿದ್ದಾಳೆ ಎಂದು ಹೇಳಿದೆ. ಭೇದಿ ಕಟ್ಟುವ ಮಾತ್ರೆಯ ವಿಷಯವನ್ನೂ ಹೇಳಿದೆ. ಆ ಡಾಕ್ಟರು ಪಟ್ಟಿಯ ಮೇಲಿನ ಹೆಸರು ಓದಿ ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇಷ್ಟು. ನಮ್ಮ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಇರುತ್ತವೆ. ಆ್ಯಂಟಿಬಯೋಟಿಕ್ ಗಾಯದ ಕ್ರಿಮಿಯನ್ನು ಕೊಲ್ಲುವಾಗ ಅವನ್ನೂ ಕೊಲ್ಲುತ್ತದೆ. ಪೈರನ್ನೆಲ್ಲ ಕಿತ್ತುಹಾಕಿದ ಹೊಲದಲ್ಲಿ ಕಳೆ ಏಳುವ ಹಾಗೆ, ಆ ಔಷಧಿಗೆ ಬಗ್ಗದ ಒಂದು ಕೆಟ್ಟ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಕರುಳಿಗೆ ವಿಷ ಬಿಡುತ್ತದೆ. ಇನ್ನಷ್ಟು ಕ್ಯಾಪ್ಸೂಲು ನುಂಗಿದರೆ ಅದಕ್ಕೇ ಅನುಕೂಲ. ಭೇದಿ ಕಟ್ಟುವ ಮಾತ್ರೆ ನುಂಗಿದರೆ ವಿಷ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಮಲದ ಪರೀಕ್ಷೆ ಮಾಡಿಸಬೇಕು, ಅದೇ ಎಂದು ಗೊತ್ತಾದರೆ ಅದಕ್ಕೇ ಬೇರೆ ಔಷಧಿ ಇದೆ. ಕರುಳು ಇನ್ನೂ ಉಬ್ಬಿದರೆ ಕುಯ್ಯಬೇಕಾಗಬಹುದು, ಕುಯ್ದರೂ ಉಳಿಯುತ್ತಾರೆ ಎಂದು ಮಾತು ಕೊಡಲು ಆಗುವುದಿಲ್ಲ. ಈ ಕೊನೆಯ ಮಾತನ್ನು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಭಯಕ್ಕೂ ಅತ್ತೆ, ಹೊಟ್ಟೆ ಉರಿಗೂ ಅತ್ತೆ. ಕಾಲಿಗೆ ಚುಚ್ಚಿದ ಒಂದು ಕೂಳೆಗೆ ನನ್ನ ಅಕ್ಕ ಸಾಯಬೇಕಾ ಎನ್ನುವ ಹೊಟ್ಟೆ ಉರಿ.

ಪರೀಕ್ಷೆಯಲ್ಲಿ ಅದೇ ಎಂದು ಬಂತು. ಔಷಧಿ ಶುರುವಾಯಿತು, ಬಾಟಲಿಗಳು ಏರಿದವು. ಮೊದಲ ದಿನಗಳಲ್ಲಿ ಹೊಟ್ಟೆ ಇಳಿಯಲಿಲ್ಲ, ಡಾಕ್ಟರು ಬಂದಾಗಲೆಲ್ಲ ಅಳತೆ ಟೇಪು ಹಿಡಿದು ನೋಡುತ್ತಿದ್ದರು. ಹೊಲಿಗೆಯವಳಾದ ನನಗೆ ಟೇಪು ನೋಡಿದರೆ ಹೆದರಿಕೆಯಾದದ್ದು ಜನ್ಮದಲ್ಲಿ ಅದೇ ಮೊದಲು. ಭಾವ ಬಂದರು. ಅಂಗೈಯೆಲ್ಲ ಸೊಪ್ಪಿನ ಕರೆ, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಮಂಚದ ತುದಿಯಲ್ಲಿ ನಿಂತು ಊಟ ಸೇರುತ್ತಾ ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಹುಳ ಚಂದ್ರಿಕೆಗೆ ಹತ್ತಿದವು ಎಂದರು. ಅವಳ ಮುಖ ಅರಳಿತು. ನನಗೆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಅನಿಸಿತು, ಆದರೆ ಅವಳು ನಕ್ಕು ಎಷ್ಟೋ ದಿನವಾಗಿತ್ತು, ಸುಮ್ಮನಿದ್ದೆ. ಆಮೇಲೆ ಮೆಲ್ಲಗೆ ಹೊಟ್ಟೆ ಇಳಿಯಿತು, ಜ್ವರ ಬಿಟ್ಟಿತು, ಗಂಜಿ ಕುಡಿದಳು.

ಮನೆಗೆ ಕಳಿಸುವಾಗ ಡಾಕ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. ಈ ಬ್ಯಾಕ್ಟೀರಿಯಾದ ಬೀಜ ಗಟ್ಟಿ, ಬಾಗಿಲ ಚಿಲಕದ ಮೇಲೆ, ಚೆಂಬಿನ ಮೇಲೆ ಬಹಳ ದಿನ ಬದುಕಿರುತ್ತದೆ. ಅಂಗೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರಿಗೆ ಅದು ಸಾಯುವುದಿಲ್ಲ, ಸೋಪು ನೀರಿನಲ್ಲಿ ಕೈ ಚೆನ್ನಾಗಿ ತೊಳೆಯಬೇಕು, ಪಾಯಿಖಾನೆಯನ್ನು ಬ್ಲೀಚಿಂಗ್ ಪೌಡರಿನಿಂದ ತಿಕ್ಕಬೇಕು. ಕೆಲವರಿಗೆ ಇದು ಮರುಕಳಿಸುತ್ತದೆ, ಶುರುವಾದ ದಿನವೇ ಬರಬೇಕು, ಕಾಯಬಾರದು. ಡಾಕ್ಟರನ್ನು ಕೇಳದೆ ಯಾವ ಆ್ಯಂಟಿಬಯೋಟಿಕ್ಕನ್ನೂ ಬಾಯಿಗೆ ಹಾಕಬಾರದು. ಎಲ್ಲರೂ ತಲೆಯಾಡಿಸಿದರು.

ಮನೆಗೆ ಬಂದು ನಾನು ಬ್ಲೀಚಿಂಗ್ ಪೌಡರಿನ ಚೀಲಕ್ಕೆ ಕೈ ಹಾಕಿದರೆ ಅತ್ತೆ ಅಡ್ಡ ಬಂದರು. ಅದು ಹುಳದ ಮನೆ ತೊಳೆಯಲು ತಂದದ್ದಂತೆ, ಪಾಯಿಖಾನೆಗೆ ಫಿನಾಯಿಲು ಸಾಕಂತೆ. ಮುಂದಿನ ಬೆಳೆಯ ಹುಳ ಇನ್ನೂ ಮೊಟ್ಟೆಯಾಗಿ ಕೂಡ ಮನೆಗೆ ಬಂದಿರಲಿಲ್ಲ. ನಾನು ಮಾತು ಬೆಳೆಸಲಿಲ್ಲ, ಚೀಲ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡು ತಿಕ್ಕಿದೆ. ಚಿಲಕ, ನಲ್ಲಿ, ಚೆಂಬು, ಅವಳು ಹಿಡಿದು ನಿಂತ ಗೋಡೆ, ಎಲ್ಲವನ್ನೂ ತಿಕ್ಕಿದೆ. ಬಿಸ್ಕತ್ತಿನ ಡಬ್ಬಿಯನ್ನು ಕೇಳಿದೆ. ಹುಳಕ್ಕೆ ಬೇಕಾಗುತ್ತದೆ, ಮೇಲಕ್ಕೆ ಇಟ್ಟಿದ್ದೇವೆ ಎಂದರು. ಇದಕ್ಕಿಂತ ಚಂದದ ಮಾತು ಸಂಜೆ ಬಂತು. ಆಸ್ಪತ್ರೆಯವರೇ ಅಂಟುತ್ತದೆ ಎಂದು ಹೇಳಿದ್ದಾರಲ್ಲ, ಹುಳಕ್ಕೆ ಅಂಟಿದರೆ ಗತಿಯೇನು, ಇನ್ನು ಮೇಲೆ ಇವಳು ಹುಳದ ಮನೆಯ ಹೊಸ್ತಿಲು ದಾಟುವುದು ಬೇಡ ಎಂದು ಅತ್ತೆ ತೀರ್ಮಾನ ಹೇಳಿದರು. ಮನೆಯ ಮನುಷ್ಯರಿಗೆ ಅಂಟಿದರೆ ಎಂಬ ಯೋಚನೆ ಯಾರಿಗೂ ಬರಲಿಲ್ಲ. ಸೊಪ್ಪು ಕೊಯ್ಯುವುದಕ್ಕೆ, ಹೊರೆ ಹೊತ್ತು ಬಾಗಿಲವರೆಗೆ ತರುವುದಕ್ಕೆ ಅಡ್ಡಿಯಿಲ್ಲವಂತೆ. ಮದುವೆಯಾಗಿ ಬಂದಾಗಿನಿಂದ ಆ ಹುಳಗಳನ್ನು ಮಕ್ಕಳ ಹಾಗೆ ಸಾಕಿದವಳು ಅವಳು. ನಾನು ಬೈಯಲು ಬಾಯಿ ತೆರೆದೆ. ಅಕ್ಕ ಬೇಡ ಎಂದು ಕಣ್ಣಲ್ಲೇ ತಡೆದಳು. ಮಾರನೇ ದಿನ ನಾನು ರಾಯದುರ್ಗದ ಬಸ್ಸು ಹತ್ತಿದೆ.

ಮುಂದಿನ ಬೆಳೆಯ ಹುಳ ಬಂದವು, ಒಂದೊಂದೇ ಜ್ವರ ಎದ್ದವು. ನಾಲ್ಕನೇ ಜ್ವರ ಎದ್ದು ಬಕಾಸುರನ ಹಸಿವು ಶುರುವಾಗಿ ಕೈ ಸಾಲದೆ ಬಂದಾಗ ಸೋಂಕಿನ ಮಾತು ಎಲ್ಲಿಗೆ ಹೋಯಿತೋ, ಅಕ್ಕನನ್ನು ಒಳಗೆ ಕರೆದರಂತೆ. ಇದನ್ನು ಅವಳೇ ಫೋನಿನಲ್ಲಿ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಹೊಟ್ಟೆ ಹೇಗಿದೆ ಎಂದೆ, ಎಲ್ಲ ಸರಿಯಾಗಿದೆ ಅಂದಳು.

ಅದಾದ ಕೆಲವೇ ದಿನಕ್ಕೆ, ಬೆಳಿಗ್ಗೆ ನಾನು ಮಿಷಿನ್ನಿಗೆ ಎಣ್ಣೆ ಬಿಡುತ್ತಿದ್ದಾಗ ಮತ್ತೆ ಫೋನು ಬಂತು. ಹಿಂದೆ ಆಟೋದ ಸದ್ದು, ಜನರ ಮಾತು. "ಮತ್ತೆ ಶುರುವಾಗ್ಯದೆ ಕಣೆ. ನಿನ್ನೆ ಸಂಜೆಯಿಂದ. ನೀರು ನೀರಾಗೇ ಓಯ್ತದೆ, ಅದೇ ವಾಸ್ನೆ. ಆಟೋ ಹತ್ತಿದೀನಿ, ಹಿಂದೂಪುರಕ್ಕೆ ಹೊಂಟೆ" ಅಂದಳು. ಜೊತೆಗೆ ಯಾರಿದ್ದಾರೆ ಎಂದೆ. ಯಾರೂ ಇಲ್ಲ, ಹುಳಕ್ಕೆ ಸೊಪ್ಪು ಹಾಕುವುದನ್ನು ಬಿಟ್ಟು ಹಾಗೇ ಎದ್ದು ಬಂದೆ, ನನಗೆ ಭೇದಿ ಹಿಡಿದಿದೆ, ಎಲ್ಲಿ ನಿಲ್ಲಿಸು ಅಂದರೆ ಅಲ್ಲಿ ನಿಲ್ಲಿಸಬೇಕು ಎಂದು ಆಟೋದವನಿಗೆ ಹೇಳಿದ್ದೇನೆ ಅಂದಳು. ಆಟೋದಲ್ಲಿ ಊರಿನ ಗಂಡಸರು ಕೂತಿದ್ದಾರೆಂದು ನನಗೇ ಅಭ್ಯಾಸಬಲದಿಂದ ದನಿ ತಗ್ಗಿತು. ನೀನ್ಯಾಕೆ ಪಿಸುಗುಟ್ಟುತ್ತೀಯ, ಗಟ್ಟಿಯಾಗಿ ಮಾತಾಡು, ಕೇಳಿಸುತ್ತಿಲ್ಲ ಅಂದಳು.

ಅದರ ಹಿಂದೆಯೇ ಭಾವನ ಫೋನು. ಹುಳ ಹಸಿದುಕೊಂಡಿವೆ, ಹೇಳದೆ ಕೇಳದೆ ಹೋಗಿದ್ದಾಳೆ ಎಂದು ದೂರು. ನಾನು ಕೂಗಾಡಲಿಲ್ಲ. ಹುಳ ನಿಮ್ಮ ತಮ್ಮನಿಗೆ ಬಿಟ್ಟು ನೀವು ಆಸ್ಪತ್ರೆಗೆ ಬನ್ನಿ, ನಾನೂ ಹೊರಟೆ ಎಂದು ಹೇಳಿ ಇಟ್ಟೆ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಅವಳನ್ನು ಸೇರಿಸಿಕೊಂಡು ಬಾಟಲಿ ಏರಿಸಿದ್ದರು. ಮೊದಲ ದಿನವೇ ಬಂದದ್ದು ಬಹಳ ಒಳ್ಳೆಯದಾಯಿತು, ಈ ಸಲ ಹೊಟ್ಟೆ ಉಬ್ಬಿಲ್ಲ ಎಂದು ಡಾಕ್ಟರು ಹೇಳಿದರು. ಭಾವ ಆಗಲೇ ಬಂದು ಬಾಗಿಲ ಹತ್ತಿರ ನಿಂತಿದ್ದರು. ಡಾಕ್ಟರು ಅಕ್ಕನನ್ನು ಕೇಳುತ್ತಿದ್ದರು, ಅಕ್ಕ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ಯಾವಾಗ ಶುರುವಾಯಿತು, ಎಷ್ಟು ಸಲ ಹೋದೆ, ಯಾವ ಬಣ್ಣ, ಲೋಳೆ ಇತ್ತಾ, ರಕ್ತ ಇತ್ತಾ. ಮಾತ್ರೆ ಒಂದೂ ಮುಟ್ಟಿಲ್ಲ, ಹುಳದ್ದೂ ಮುಟ್ಟಿಲ್ಲ ಎಂದು ತಾನಾಗಿಯೇ ಹೇಳಿದಳು. ವಾರ್ಡಿನಲ್ಲಿ ಬೇರೆಯವರೂ ಇದ್ದರು, ಅವಳು ದನಿ ತಗ್ಗಿಸಲಿಲ್ಲ. ಭಾವ ಮುಖ ಕೆಂಪಗೆ ಮಾಡಿಕೊಂಡು ಗೋಡೆಯ ಕಡೆ ತಿರುಗಿದರು.

ಅಕ್ಕ ಮಾತು ನಿಲ್ಲಿಸಿ ಅವರನ್ನು ಕರೆದಳು.

"ಗ್ವಾಡೆ ಯಾಕೆ ನೋಡ್ತೀರ? ಈ ಕಡೆ ಬಂದು ಕೇಳಿಸ್ಕಳಿ. ಮುಂದಿನ ಸಲ ನಾನು ಬಾಯಿ ಬಿಡಕ್ಕಾಗ್ದಂಗೆ ಬಿದ್ದಿದ್ರೆ ಇದ್ನೆಲ್ಲ ನೀವೇ ಹೇಳ್ಬೇಕು."

ಭಾವ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಡಾಕ್ಟರು ಅಕ್ಕನನ್ನು ಬಿಟ್ಟು ಅವರ ಕಡೆ ತಿರುಗಿ, ಮತ್ತೆ ಮೊದಲ ಪ್ರಶ್ನೆಯಿಂದ ಕೇಳಲು ಶುರು ಮಾಡಿದರು.